ಧಾರವಾಡ: ಅಟ್ಟದಿಂದ ರೀಡಿಂಗ್ ರೂಮಿಗೆ

ಹುಬ್ಬಳ್ಳಿಯಲ್ಲಿ ರೈಲಿಳಿದು ಧಾರವಾಡಕ್ಕೆ ಹೊರಟವರನ್ನು ಈಗ ಚಿಗರಿ ಬಸ್ಸು ಕರೆದೊಯ್ಯುತ್ತದೆ. 2018ರಲ್ಲಿ ಓಡಾಟ ಶುರುಮಾಡಿದ ಈ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ಹಾದಿ ಸುಮಾರು 22 ಕಿ.ಮೀ. ರಸ್ತೆ ನಡುವೆಯೇ ನಿಲ್ದಾಣ, ಗಾಜಿನ ಬಾಗಿಲು, ಬಸ್ಸಿನೊಳಗೆ ಎ.ಸಿ. ಅಗಲೀಕರಣಕ್ಕೆ ಇಕ್ಕೆಲದ ಹಳೆಯ ಮರಗಳು ಹೋಗಿವೆ. ನವಲೂರಿನ ಪೇರಲ ಬುಟ್ಟಿಗಳನ್ನು ಕಿಟಕಿಯಲ್ಲಿ ಹುಡುಕುವಷ್ಟರಲ್ಲಿ ಟೋಲ್ ನಾಕಾ ಬಂದುಬಿಡುತ್ತದೆ. ವರ್ಷಗಳ ಮೇಲೆ ಊರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಬದಲಾವಣೆ ಇದು. ಆದರೆ ದೊಡ್ಡ ಬದಲಾವಣೆ ಬೇರೆಯೇ ಇದೆ.

ಅದನ್ನು ನೋಡಲು ಸಪ್ತಾಪುರದ ಓಣಿಗಳಲ್ಲಿ ಅಡ್ಡಾಡಬೇಕು. ಮನೆಗೊಂದರಂತೆ ಫಲಕ: ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕೋಚಿಂಗ್, ಪಿ.ಜಿ., ಮೆಸ್, ರೀಡಿಂಗ್ ರೂಮ್. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಹುಡುಗ, ಹುಡುಗಿಯರು ಸರ್ಕಾರಿ ನೌಕರಿಯ ಕನಸು ಹೊತ್ತು ಇಲ್ಲಿ ವರ್ಷಗಟ್ಟಲೆ ಓದುತ್ತಾರೆ. ರೀಡಿಂಗ್ ರೂಮಿನಲ್ಲಿ ಒಬ್ಬೊಬ್ಬರಿಗೂ ಹಲಗೆ ಅಡ್ಡಕಟ್ಟಿದ ಪುಟ್ಟ ಗೂಡು. ಒಳಗೆ ಒಂದು ದೀಪ, ಒಂದು ಪ್ಲಗ್, ಗೋಡೆಗೆ ಅಂಟಿಸಿದ ವೇಳಾಪಟ್ಟಿ. ದಿನಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ಕೈಯಿಂದ ಕೈಗೆ ಹೋಗುತ್ತವೆ. ಹೊರಗೆ ಚಹಾದಂಗಡಿ ಮುಂದೆ ಮಾತೆಲ್ಲ ಒಂದೇ: ‘ನೋಟಿಫಿಕೇಶನ್ ಯಾವಾಗ ಬಿಡತಾರಂತ?’

ಧಾರವಾಡಕ್ಕೆ ಓದು ಹೊಸದಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂದಿಗೂ ಸಂಜೆಯ ಭಾಷಣಗಳು ನಡೆಯುತ್ತವೆ. ದಶಕಗಳ ಕಾಲ ಅದರ ಅಧ್ಯಕ್ಷರಾಗಿದ್ದ ಪಾಟೀಲ ಪುಟ್ಟಪ್ಪ 2020ರಲ್ಲಿ ತೀರಿಕೊಂಡರು. ಅವರ ಗುಡುಗು ಕೇಳಿ ಬೆಳೆದವರಿಗೆ ಸಭಾಂಗಣ ಕೊಂಚ ತಣ್ಣಗಾದಂತೆ ಅನಿಸುತ್ತದೆ. ಸುಭಾಸ ರಸ್ತೆಯ ಗದ್ದಲದ ನಡುವೆ ಮೆಟ್ಟಿಲು ಹತ್ತಿದರೆ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ‘ಅಟ್ಟ’. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಚ್ಚಾಗಿದ್ದು ಈ ಗ್ರಂಥಮಾಲೆಯಿಂದಲೇ. ಸಾಧನಕೇರಿಯಲ್ಲಿ ಕವಿ ಬೇಂದ್ರೆಯವರ ಮನೆ, ಬೇಂದ್ರೆ ಭವನ. ಇನ್ನೊಂದು ಕಡೆ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’.

ಲೈನ್ ಬಜಾರಿನ ಪೇಢೆ ಅಂಗಡಿಯ ಪಾಳಿ ಮಾತ್ರ ಕರಗಿಲ್ಲ. ಉತ್ತರ ಪ್ರದೇಶದಿಂದ ಬಂದ ಠಾಕೂರ ಮನೆತನ ಊರಿಗೆ ಕಲಿಸಿದ ಸಿಹಿ ಇದು. ಖೋವಾವನ್ನು ಕಂದುಬಣ್ಣಕ್ಕೆ ತಿರುಗುವವರೆಗೂ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಸಂಜೆಗೆ ಗಿರಮಿಟ್ಟು: ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೊಂದು ಬಿಸಿ ಮಿರ್ಚಿ ಇಟ್ಟುಕೊಡುತ್ತಾರೆ.

‘ಯಾವಾಗ ಬಂದ್ರಿ? ಎಷ್ಟ ದಿನ ಇರತೀರಿ?’ ಎಂದು ಗುರುತಿನವರು ಕೇಳುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನ ಸುದ್ದಿ ಕೇಳಿ ಮರುಗಿ, ‘ಛಾ ಕುಡದ ಹೋಗ್ರಿ’ ಎಂದು ಕೂರಿಸುತ್ತಾರೆ. ಮಾತು ಪಾಲಿಕೆಗೆ ಹೊರಳುತ್ತದೆ. 1962ರಿಂದ ಹುಬ್ಬಳ್ಳಿಯೊಂದಿಗೆ ಒಂದೇ ಪಾಲಿಕೆಯಲ್ಲಿರುವ ಊರು ಇದು. ಪ್ರತ್ಯೇಕ ಪಾಲಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ‘ನಮ್ಮ ಹಕ್ಕ ನಮಗ ಬರಬೇಕ್ರಿ’ ಎನ್ನುವವರೂ ಇದ್ದಾರೆ, ‘ಬೋರ್ಡ್ ಬದಲಾದ್ರ ರಸ್ತಾ ಆಗತಾವೇನು?’ ಎನ್ನುವವರೂ ಇದ್ದಾರೆ.

ಹಳಬರು ‘ಸಾಹಿತಿಗಳ ಊರು ಹಾಳಾತು’ ಎಂದು ನಿಟ್ಟುಸಿರು ಬಿಡುವುದುಂಟು. ಆ ಮಾತು ಪೂರ್ತಿ ನಿಜವಲ್ಲ. ಧಾರವಾಡ ಓದುವುದನ್ನು ಬಿಟ್ಟಿಲ್ಲ, ಓದುವ ಪುಸ್ತಕ ಬದಲಾಗಿದೆ. ಅಟ್ಟಕ್ಕೂ ಸಪ್ತಾಪುರಕ್ಕೂ ನಡುವೆ ಇರುವುದು ಸ್ವಲ್ಪವೇ ದೂರ. ಆ ದಾರಿಯಲ್ಲಿ ಓಡಾಟ ಹೆಚ್ಚಬೇಕಷ್ಟೆ. ಈ ಸಲ ಊರಿಗೆ ಹೋದವರು ಪೇಢೆಯ ಪೊಟ್ಟಣದ ಜತೆ ಅಟ್ಟ ಹತ್ತಿ ಒಂದು ಪುಸ್ತಕವನ್ನೂ ಕೊಂಡು ಬನ್ನಿ.