ರೈಡ್ ಬೇಗ ನಿಲ್ಲಿಸಿದರೆ ಮೋಸವೇ?

ಬೇಸಿಗೆ ರಜೆ ಬಂತೆಂದರೆ ಬಿಟಿಎಂ ಲೇಔಟ್‌ನ ಮನೆಗಳಿಂದಲೂ ಪಿಜಿಗಳಿಂದಲೂ ಜನ ಬಿಡದಿ ಬಳಿಯ ವಂಡರ್‌ಲಾಗೆ ಹೊರಡುತ್ತಾರೆ. 2005ರಿಂದ ನಡೆಯುತ್ತಿರುವ ಪಾರ್ಕ್ ಅದು. ಇಂಥ ಯಾವ ಪಾರ್ಕಿಗೆ ಹೋಗಿ ಬಂದವರೂ ಹೇಳುವ ದೂರು ಒಂದೇ: ಇಡೀ ದಿನಕ್ಕೆ ದುಡ್ಡು ಕೊಟ್ಟರೂ ಕೆಲವು ರೈಡ್‌ಗಳು ತಡವಾಗಿ ಶುರುವಾಗುತ್ತವೆ, ಬೇಗ ಬಂದ್ ಆಗುತ್ತವೆ.

ತಪ್ಪು ಕಲ್ಪನೆ: ಮಳೆ ನಿಂತ ಕೂಡಲೇ ರೈಡ್ ಬಿಡಬೇಕು.
ವಾಸ್ತವ: ಮಳೆ ನಿಂತರೂ ಸಿಡಿಲಿನ ಭಯ ಹೋಗಿರುವುದಿಲ್ಲ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಬೇಕೆಂಬುದು ಜಗತ್ತಿನಾದ್ಯಂತ ಪಾಲಿಸುವ ಎಚ್ಚರಿಕೆ. ರೋಲರ್ ಕೋಸ್ಟರ್‌ನ ಹಳಿ, ಚಕ್ರ, ಬ್ರೇಕ್ ಒದ್ದೆಯಾಗಿದ್ದರೆ ಅದು ನಿಲ್ಲುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಮೊದಲು ಖಾಲಿ ಬೋಗಿ ಓಡಿಸಿ ನೋಡುತ್ತಾರೆ. ಆಷಾಢದ ಗಾಳಿಯ ಕಥೆಯೂ ಇಷ್ಟೇ. ಕೆಳಗೆ ದುಪಟ್ಟಾ ಹಾರಿಸುವಷ್ಟಿರುವ ಗಾಳಿ, ಎತ್ತರದ ಚಕ್ರದ ತುದಿಯಲ್ಲಿ ಇನ್ನೂ ಜೋರಾಗಿರುತ್ತದೆ.

ತಪ್ಪು ಕಲ್ಪನೆ: ನೀರಿನ ಆಟ ಬೇಗ ಮುಗಿಸುವುದು ಕರೆಂಟ್ ಉಳಿಸಲು.
ವಾಸ್ತವ: ಲೈಫ್‌ಗಾರ್ಡ್‌ಗೆ ಕೊಳದ ತಳ ಕಾಣಬೇಕು. ಸಂಜೆಯ ಓರೆ ಬಿಸಿಲು ನೀರಿನ ಮೇಲೆ ಹೊಳೆದರೆ, ಒಳಗೆ ಮುಳುಗಿದ ಮಗು ಕಣ್ಣಿಗೆ ಬೀಳದೆ ಹೋಗಬಹುದು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಿಕೊಳ್ಳುವುದಿಲ್ಲ, ಸದ್ದಿಲ್ಲದೆ ಮುಳುಗಿಬಿಡುತ್ತಾರೆ. ಅಲೆಯ ಕೊಳವನ್ನು ಆಗಾಗ ನಿಲ್ಲಿಸುವುದರಿಂದ ಆಡುವವರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ. ಜನ ಕೊಳದಿಂದ ಹೊರಬಂದ ಮೇಲೆ ಫಿಲ್ಟರ್ ತೊಳೆಯುವುದು, ಕ್ಲೋರಿನ್ ಸರಿಮಾಡುವುದು ಇದ್ದೇ ಇದೆ.

ತಪ್ಪು ಕಲ್ಪನೆ: ಬಾಗಿಲು ತೆರೆದ ಮೇಲೆ ಎಲ್ಲ ರೈಡೂ ಸಿದ್ಧವಿರಬೇಕು.
ವಾಸ್ತವ: ಬೋಲ್ಟ್, ಬೆಸುಗೆ, ಸೀಟಿನ ಲಾಕ್ ಎಲ್ಲವನ್ನೂ ದಿನವೂ ಪರೀಕ್ಷಿಸಬೇಕು. ಅನುಮಾನ ಬಂದರೆ ಆ ರೈಡ್ ತಡವಾಗಬೇಕು, ಬೇಕಾದರೆ ಇಡೀ ದಿನ ನಿಲ್ಲಬೇಕು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಆ ಸುದ್ದಿ ನೆನಪಿರುವ ಯಾರೂ ನಿಂತ ರೈಡಿನ ಮುಂದೆ ಸಿಬ್ಬಂದಿಯ ಮೇಲೆ ಕೂಗಾಡಲಾರರು.

ತಪ್ಪು ಕಲ್ಪನೆ: ರೈಡ್ ಬೇಗ ನಿಲ್ಲಿಸುವುದರಲ್ಲಿ ಹಣದ ಲೆಕ್ಕಾಚಾರವೇ ಇಲ್ಲ.
ವಾಸ್ತವ: ಇದೆ. ವಾರದ ದಿನ ಜನ ಕಡಿಮೆ, ಪ್ರತಿ ರೈಡಿಗೂ ತರಬೇತಾದ ಆಪರೇಟರ್ ಬೇಕು. ಹಾಗೆಂದು ಸಮಯ ಕಡಿಮೆ ಮಾಡಿದರೆ ಅದನ್ನು ಟಿಕೆಟ್ ಕೌಂಟರಿನಲ್ಲೇ ಬರೆದು ಹಾಕಬೇಕು. ಒಳಗೆ ಹೋದ ಮೇಲೆ ತಿಳಿಸುವುದು ನ್ಯಾಯವಲ್ಲ. ನೀವೂ ದುಡ್ಡು ಕೊಡುವ ಮೊದಲು ಕೇಳಿ: ಇವತ್ತು ಯಾವ ರೈಡ್ ಎಷ್ಟು ಗಂಟೆಯವರೆಗೆ?