ಪಡುವಣ ಗಾಳಿಗೆ ಯಾವ ಸೈಕಲ್ಲು?

ಆಷಾಢದಲ್ಲಿ ಜಮಖಂಡಿಯಿಂದ ಬನಹಟ್ಟಿ ಕಡೆ ಸೈಕಲ್ ಹೊಡೆದವರಿಗೆ ಗೊತ್ತು, ದೊಡ್ಡ ಏರು ಇಲ್ಲದಲ್ಲೂ ತೊಡೆ ಸೋಲುತ್ತವೆ. ರಸ್ತೆ ಸಾಗುವುದು ಪಡುವಣಕ್ಕೆ, ಮುಂಗಾರಿನ ಗಾಳಿ ಬೀಸುವುದೂ ಪಡುವಣದಿಂದಲೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕಚೇರಿಗೋ ಮಗ್ಗದ ಶೆಡ್ಡಿಗೋ ಹೋಗಿಬರಲು ಮೊದಲ ಸಲ ಸೈಕಲ್ ಕೊಳ್ಳುವ ದೊಡ್ಡವರು ಬಣ್ಣಕ್ಕಿಂತ ಮೊದಲು ಈ ಗಾಳಿಯ ಲೆಕ್ಕ ಹಾಕಬೇಕು.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವು ಗಂಟೆಗೆ 18 ಕಿ.ಮೀ. ಹೋಗುತ್ತಿದ್ದು, ಎದುರುಗಾಳಿ 12 ಕಿ.ಮೀ. ಇದ್ದರೆ ಮೈಗೆ ಬಡಿಯುವ ಗಾಳಿಯ ವೇಗ 30. ಗಾಳಿಯಿಲ್ಲದ ದಿನಕ್ಕೆ ಹೋಲಿಸಿದರೆ ತಡೆ ಹೆಚ್ಚುಕಡಿಮೆ 2.8 ಪಟ್ಟು! ವಿಜಯಪುರ-ಬಾಗಲಕೋಟೆ ಅವಳಿ ಜಿಲ್ಲೆಯಿಂದ ರಾಷ್ಟ್ರೀಯ ಸ್ಪರ್ಧೆಗಳಿಗೆ ಹೋದ ನಮ್ಮ ಸೈಕ್ಲಿಸ್ಟರು ಹ್ಯಾಂಡಲ್ ಮೇಲೆ ಅಷ್ಟು ಬಾಗುವುದು ಗಾಳಿಗೆ ಒಡ್ಡುವ ಮೈ ಕಡಿಮೆಯಾಗಲೆಂದೇ. ಊಟದ ಡಬ್ಬಿ ಕಟ್ಟಿಕೊಂಡು ಹೋಗುವವರು ಹಾಗೆ ಬಾಗಲಾರರು. ಅವರಿಗೆ ಉಳಿದ ದಾರಿ ಗಿಯರಿನದು.

ನಮ್ಮ ಹಳೆಯ ಕರಿ ಸೈಕಲ್ಲನ್ನೇ ನೋಡಿ. ಪೆಡಲಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಗಾಳಿಯಿಲ್ಲದ ದಿನ ಇದು ಹದವಾದ ಲೆಕ್ಕ. ಎದುರುಗಾಳಿಯಲ್ಲಿ ಮಾತ್ರ ಭಾರ. ಫ್ರೀವೀಲನ್ನು 20 ಹಲ್ಲಿನದಕ್ಕೆ ಬದಲಿಸಿದರೆ ತುಳಿಯುವ ಬಲ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ, ಕಾಲು ಅಷ್ಟು ಹೆಚ್ಚು ಸಲ ತಿರುಗಬೇಕಾಗುತ್ತದೆ. ಖರ್ಚೂ ದೊಡ್ಡದಲ್ಲ. ದಿನಾ ದೂರ ಹೋಗುವವರು ಹಿಂದೆ ಆರೇಳು ಗಿಯರ್ ಇರುವುದನ್ನು ಕೊಂಡರೆ ಇನ್ನೂ ಒಳ್ಳೆಯದು. ಇಪ್ಪತ್ತೊಂದು ಗಿಯರ್ ನಮ್ಮ ರಸ್ತೆಗೆ ಬೇಕಿಲ್ಲ.

ಅಂಗಡಿಯಲ್ಲಿ ಕಣ್ಣು ಸೆಳೆಯುವುದು ದಪ್ಪ ಟಯರಿನ, ಮುಂದೆ ಶಾಕ್‌ಅಬ್ಸಾರ್ಬರ್ ಇರುವ ಸೈಕಲ್ಲು. ಅಗ್ಗದ ಸ್ಪ್ರಿಂಗು ತೂಕ ಹೆಚ್ಚಿಸುತ್ತದೆ, ಎದ್ದು ತುಳಿದಾಗ ಕುಸಿದು ಬಲ ತಿನ್ನುತ್ತದೆ. ಡಾಂಬರು ರಸ್ತೆಗೆ ಅದು ಬೇಡ. 35ರಿಂದ 40 ಮಿ.ಮೀ. ಅಗಲದ ಟಯರಿಗೆ ಸರಿಯಾಗಿ ಹವಾ ತುಂಬಿಸಿದರೆ ಸಾಕು. ಎರಿ ಹೊಲದ ದಾರಿ ಹಿಡಿಯುವವರು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಆಡುವಷ್ಟು ಜಾಗ ಇದೆಯೇ ನೋಡಲಿ, ಇಲ್ಲದಿದ್ದರೆ ಮೊದಲ ಮಳೆಗೇ ಕೆಸರು ಮೆತ್ತಿ ಗಾಲಿ ನಿಲ್ಲುತ್ತದೆ. ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಜಾರುತ್ತದೆ; ಅಲ್ಯೂಮಿನಿಯಂ ರಿಮ್ ಕೇಳಿ ಪಡೆಯಿರಿ. ಸೀರೆ ಉಡುವವರಿಗೆ ಅಡ್ಡ ದಂಡವಿಲ್ಲದ, ಪೂರ್ತಿ ಚೈನ್ ಕವರ್ ಇರುವ ಸೈಕಲ್ಲೇ ಸರಿ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸಿಕ್ಕದ್ದೂ ಅಡ್ಡ ದಂಡವಿಲ್ಲದ ಸೈಕಲ್ಲೇ.

ಸೀಟಿನ ಎತ್ತರ ಅಂಗಡಿಯಲ್ಲೇ ನೋಡಿಕೊಳ್ಳಿ. ಪೆಡಲ್ ತಳಕ್ಕೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತೀರಾ ಕೆಳಗಿದ್ದರೆ ಮೊಣಕಾಲು ನೋಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಇದೇ ರಸ್ತೆಗಳಲ್ಲಿ ಓಡುತ್ತವೆ. ಸೈಕಲ್ ಕೊಂಡ ದಿನವೇ ಹಿಂದಕ್ಕೊಂದು ಕೆಂಪು ದೀಪ ಹಾಕಿಸಿಕೊಂಡೇ ಅಂಗಡಿಯಿಂದ ಹೊರಡಿ.