ನೋವು ಅರಿವಾಗುವ ಬಗೆ

ಕಷ್ಟವು ಮನುಷ್ಯನನ್ನು ಹದಗೊಳಿಸುತ್ತದೆ ಎಂಬ ಮಾತನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಕಾವ್ಯಗಳ ಆಧಾರದಿಂದ ತರಗತಿಗಳಲ್ಲಿ ಅದನ್ನು ವರ್ಷವರ್ಷವೂ ಹೇಳುತ್ತ ಬಂದವರಲ್ಲಿ ನಾನೂ ಒಬ್ಬ. ಆದರೆ ಕಷ್ಟದಿಂದ ಕಹಿಯಾದವರನ್ನೂ ಕುಗ್ಗಿಹೋದವರನ್ನೂ ನಾವು ಕಂಡಿಲ್ಲವೆ? ಹಾಗಾದರೆ ಒಬ್ಬರ ನೋವು ಮತ್ತೊಬ್ಬರಿಗೆ ನೆರವಾಗಿ ಪರಿಣಮಿಸುವುದು ಯಾವಾಗ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಡಾ. ಮೇರಿ ವರ್ಗೀಸರ ಬದುಕನ್ನು ನೋಡೋಣ.

ಮೇರಿ ವರ್ಗೀಸರು 1925ರಲ್ಲಿ ಕೊಚ್ಚಿಯ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದರು. ವೈದ್ಯವಿದ್ಯೆಯನ್ನು ಕಲಿತದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಐಡಾ ಸ್ಕಡರ್ ಎಂಬ ಮಿಷನರಿ ವೈದ್ಯೆ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯವು ಬೆಳೆದು ಆದ ಸಂಸ್ಥೆ ಅದು. ಸ್ತ್ರೀರೋಗ ತಜ್ಞೆಯಾಗಬೇಕೆಂಬುದು ಮೇರಿಯವರ ಹಂಬಲ. 1954ರ ಜನವರಿಯಲ್ಲಿ ಸಹವೈದ್ಯರೊಡನೆ ವಿಹಾರಕ್ಕೆ ಹೊರಟಿದ್ದಾಗ ಅವರಿದ್ದ ವಾಹನ ಉರುಳಿತು. ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ಮುಖದ ಮೇಲೆ ಅಳಿಯದ ಗಾಯದ ಗುರುತು. ಆಗ ಅವರಿಗೆ 28 ವರ್ಷ.

ಅವರು ದೈವಭಕ್ತೆ. ಆದರೆ ಭಕ್ತರಿಗೇ ಇಂಥ ಗಳಿಗೆ ಹೆಚ್ಚು ಕಠಿಣ. ನಂಬಿದ ದೇವರೇ ಪ್ರಶ್ನೆಯಾಗಿ ನಿಲ್ಲುತ್ತಾನೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತನ್ನ ದೇಹದಲ್ಲಿ ನಾಟಿದ ಮುಳ್ಳಿನ ಮಾತು ಬರುತ್ತದೆ. ಅದನ್ನು ತೆಗೆಯೆಂದು ಅವನು ಮೂರು ಬಾರಿ ಪ್ರಾರ್ಥಿಸಿದ. ಮುಳ್ಳು ಹೋಗಲಿಲ್ಲ, ಅದರೊಡನೆ ಬಾಳುವ ಬಲ ಬಂತು. ಕ್ರೈಸ್ತ ಶ್ರದ್ಧೆ ನೋವಿನ ಬಗ್ಗೆ ಹೇಳುವ ಮುಖ್ಯ ಮಾತು ಇದೇ ಎಂದು ನನಗೆ ತೋರುತ್ತದೆ. ಅದು ಕಾರಣವನ್ನು ವಿವರಿಸುವುದಿಲ್ಲ. ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ.

ಮೇರಿಯವರಿಗೆ ಆ ಹೆಜ್ಜೆಯನ್ನು ತೋರಿಸಿದವರು ಅಲ್ಲಿಯ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗದಲ್ಲಿ ನರಗಳು ಕೆಡುತ್ತವೆ. ಅಂಗೈಯ ಸಣ್ಣ ಸ್ನಾಯುಗಳು ಬಲಗುಂದಿ ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡುತ್ತವೆ. ಆದರೆ ಮುಂಗೈಯ ಎಷ್ಟೋ ಸ್ನಾಯುಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಅಂಥ ಒಂದು ಸ್ನಾಯುವಿನ ರಜ್ಜುವನ್ನು ಬೇರೆಡೆಗೆ ಜೋಡಿಸಿ, ಸೋತ ಸ್ನಾಯುವಿನ ಕೆಲಸವನ್ನು ಅದರಿಂದ ಮಾಡಿಸುವ ವಿಧಾನವನ್ನು ಬ್ರಾಂಡ್ 1940ರ ದಶಕದ ಕೊನೆಯಿಂದ ರೂಪಿಸುತ್ತಿದ್ದರು. ಈ ಶಸ್ತ್ರಕ್ರಿಯೆಯನ್ನು ವೈದ್ಯರು ಕುಳಿತೇ ಮಾಡುತ್ತಾರೆ. ಇದಕ್ಕೆ ಬೇಕಾದುದು ಕಾಲುಗಳಲ್ಲ, ನುರಿತ ಕೈಗಳು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಕ್ರಿಯೆಗೆ ಮರಳಿದರು.

ಇಲ್ಲೊಂದು ಸೂಕ್ಷ್ಮವಿದೆ. ಕುಷ್ಠರೋಗಿಯ ಬೆರಳು ಬಿಸಿ ಪಾತ್ರೆಯನ್ನು ಮುಟ್ಟಿದರೂ ಸುಟ್ಟದ್ದು ತಿಳಿಯದು. ಬೆನ್ನುಹುರಿ ಘಾಸಿಗೊಂಡವರಿಗೂ ಹಾಗೆಯೇ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತರೆ ಚರ್ಮ ಹುಣ್ಣಾದರೂ ಅರಿವಿಗೆ ಬಾರದು. ನೋವು ಕಾಯಬೇಕಾದುದನ್ನು ಇಬ್ಬರೂ ಕಣ್ಣಿನಿಂದ ಕಾಯಬೇಕು. ‘ನಿನ್ನ ಕೈಗಳನ್ನು ದಿನವೂ ನೋಡಿಕೋ’ ಎಂಬುದು ಆ ರೋಗಿಗಳಿಗೆ ವೈದ್ಯರು ವಿಧಿಸುವ ನಿಯಮ. ಮೇರಿಯವರಿಗೆ ಅಂಥದೇ ನಿಯಮ ತಮ್ಮ ಮೈಗೂ ಅನಿವಾರ್ಯವಾಗಿತ್ತು. ಪುಸ್ತಕ ಕಲಿಸದ ಸಹಾನುಭೂತಿ ಅದು.

ಸರಿಪಡಿಸಿದ ಕೈ ಮತ್ತೆ ದುಡಿಯಬೇಡವೆ? ಈ ಯೋಚನೆ ಅವರನ್ನು ಪುನರ್ವಸತಿ ವೈದ್ಯಶಾಸ್ತ್ರದತ್ತ ಒಯ್ದಿತು. ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ತರಬೇತಿ ಪಡೆದು 1960ರ ದಶಕದ ಮೊದಲಲ್ಲಿ ವೆಲ್ಲೂರಿಗೆ ಮರಳಿ ಆ ವಿಭಾಗದ ಹೊಣೆ ಹೊತ್ತರು. 1966ರಲ್ಲಿ ಬಾಗಾಯಮ್‌ನಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ‘ಇನ್ನು ನನ್ನಿಂದೇನು?’ ಎಂದು ಬರುವವನ ಎದುರಿಗೆ ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯೇ ಉತ್ತರವಾಗಿದ್ದರು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು.

ಅಪಘಾತವೇ ಮೇರಿಯವರನ್ನು ದೊಡ್ಡವರನ್ನಾಗಿ ಮಾಡಿತೆಂದರೆ ತಪ್ಪಾದೀತು. ಅಪಘಾತ ಕಸಿದುಕೊಂಡಿತು, ಅಷ್ಟೆ. ಕಲಿತ ವಿದ್ಯೆ, ಕೈಬಿಡದ ಶ್ರದ್ಧೆ, ‘ನಿಮ್ಮಿಂದ ಇನ್ನೂ ಆಗುವ ಕೆಲಸವಿದೆ’ ಎಂದು ಕರೆದ ಸಹೋದ್ಯೋಗಿ, ಕುರ್ಚಿಗೆ ಎಡೆಮಾಡಿಕೊಟ್ಟ ಸಂಸ್ಥೆ – ಇವು ಕೂಡಿದಾಗ ಮಾತ್ರ ನೋವು ಅರಿವಾಯಿತು, ಅರಿವು ಸೇವೆಯಾಯಿತು. ಇವುಗಳಲ್ಲಿ ಕೊನೆಯ ಎರಡು ನೊಂದವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿವೆ. ಹಾಸಿಗೆ ಹಿಡಿದವರನ್ನು ನೋಡಲು ಹೋಗಿ, ಎಲ್ಲವೂ ದೇವರ ಪರೀಕ್ಷೆ ಎಂದು ಸಮಾಧಾನ ಹೇಳಿ ಎದ್ದುಬರುತ್ತೇವೆ. ಅವರಿಂದ ಇನ್ನೂ ಯಾವ ಕೆಲಸವಾದೀತು ಎಂದು ಅವರ ಬಳಿ ಕುಳಿತು ಎಂದಾದರೂ ಕೇಳಿದ್ದೇವೆಯೆ?